ದೂರದ ಸ್ವಿಚ್ಚಿನ ಹುಸಿ ಅಭಯ

ಮನೆಯಲ್ಲೇ ಆಂಪ್ಲಿಫೈಯರ್, ಹ್ಯಾಮ್ ರೇಡಿಯೊಗೆ ಬೇಕಾದ ಪವರ್ ಸಪ್ಲೈ, ತ್ರೀಡಿ ಪ್ರಿಂಟರ್ ಮೊದಲಾದವನ್ನು ಕಟ್ಟಿಕೊಳ್ಳುವ ಹವ್ಯಾಸಿಗಳ ನಡುವೆ ಒಂದು ಅಭಿಪ್ರಾಯ ಯಾವ ಪರಿಶೀಲನೆಗೂ ಒಳಗಾಗದೆ ಬೇರೂರಿದೆ. ಉಪಕರಣದ ಪೆಟ್ಟಿಗೆಯೊಳಗೆ ಒಂದು ರಿಲೇಯನ್ನು, ಅಂದರೆ ಸಣ್ಣ ವೋಲ್ಟೇಜಿನ ಸುರುಳಿಯೊಂದು ಕಾಂತವಾಗಿ ವರ್ತಿಸಿ ದೊಡ್ಡ ವೋಲ್ಟೇಜಿನ ಸಂಪರ್ಕವನ್ನು ಕೂಡಿಸುವ ಮತ್ತು ಬಿಡಿಸುವ ಸಾಧನವನ್ನು, ಕೂರಿಸಿ, ಅದರ ನಿಯಂತ್ರಣದ ತಂತಿಗಳನ್ನು ಹೊರಗೆಳೆದು ಮೇಜಿನ ಮೇಲಿನ ಗುಂಡಿಗೋ ವೈಫೈ ಬೋರ್ಡಿಗೋ ಜೋಡಿಸಿದರೆ, 230 ವೋಲ್ಟಿನ ಮೇನ್ಸ್ ವಿದ್ಯುತ್ತು ಪೆಟ್ಟಿಗೆಯೊಳಗೇ ಉಳಿಯುತ್ತದೆ, ಕೈಗೆ ಸಿಗುವುದು ನಿರುಪದ್ರವಿಯಾದ ಐದು ವೋಲ್ಟು ಮಾತ್ರ, ಆದ್ದರಿಂದ ಈ ಏರ್ಪಾಟು ಸಾಧಾರಣ ಸ್ವಿಚ್ಚಿಗಿಂತಲೂ ಸುರಕ್ಷಿತ ಎಂಬುದೇ ಆ ಅಭಿಪ್ರಾಯ. ದೂರದಿಂದ ಆರಿಸಿದ ಪೆಟ್ಟಿಗೆಯಲ್ಲಿ ಕರೆಂಟು ಇರುವುದಿಲ್ಲ, ಏನಾದರೂ ಕೆಟ್ಟರೆ ಕುಳಿತಲ್ಲಿಂದಲೇ ಅದನ್ನು ನಿಲ್ಲಿಸಬಹುದು ಎಂಬ ಇನ್ನೊಂದು ನಂಬಿಕೆ ಇದರ ಬೆನ್ನಿಗೇ ಬೆಳೆದಿದೆ. ಎರಡನೆಯದು ಪೂರ್ತಿ ತಪ್ಪು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಸತ್ಯವೇ ಉಳಿದರ್ಧವನ್ನು ಮರೆಸುವುದರಿಂದ ಅದು ಎರಡನೆಯದಕ್ಕಿಂತ ಹೆಚ್ಚು ಕೇಡು ಮಾಡುತ್ತದೆ.

ವಿದ್ಯುತ್ ಸುರಕ್ಷತೆಯ ಶಾಸ್ತ್ರವು ಎರಡು ಕೆಲಸಗಳನ್ನು ಕಟ್ಟುನಿಟ್ಟಾಗಿ ಬೇರೆಬೇರೆಯಾಗಿ ಕಾಣುತ್ತದೆ. ಉಪಕರಣವನ್ನು ಕೆಲಸಕ್ಕೆ ಹಚ್ಚುವುದು ಮತ್ತು ನಿಲ್ಲಿಸುವುದು ನಿಯಂತ್ರಣದ ಕೆಲಸ. ಉಪಕರಣವನ್ನು ವಿದ್ಯುತ್ತಿನ ಮೂಲದಿಂದ ಪೂರ್ತಿಯಾಗಿ ಕಡಿದು, ಒಳಗೆ ಕೈಯಿಟ್ಟವನ ಅರಿವಿಲ್ಲದೆ ಇನ್ನೊಬ್ಬರು ಮತ್ತೆ ಕೂಡಿಸಲಾರದಂತಹ ನಂಬಲರ್ಹವಾದ ಅಂತರವನ್ನು ಉಂಟುಮಾಡುವುದು ಬೇರ್ಪಡಿಕೆಯ ಕೆಲಸ. ಸಾಕೆಟ್ಟಿನಿಂದ ಪ್ಲಗ್ಗನ್ನು ಕಿತ್ತು ಕಣ್ಣೆದುರಿಗೆ ಇಟ್ಟುಕೊಂಡರೆ ಬೇರ್ಪಡಿಕೆ ಸಿದ್ಧಿಸುತ್ತದೆ. ರಿಲೇ ನಿಯಂತ್ರಣಕ್ಕೆ ಮಾತ್ರ ಯೋಗ್ಯವಾದದ್ದು. ಗೃಹೋಪಕರಣಗಳ ಮಾನಕಗಳು ಪೂರ್ಣ ಕಡಿತಕ್ಕೆ ಸಾಮಾನ್ಯವಾಗಿ 3 ಮಿಲಿಮೀಟರಿನ ಸಂಪರ್ಕಾಂತರವನ್ನು ಬಯಸುತ್ತವೆ, ಆದರೆ ಹವ್ಯಾಸಿಗಳು ಬಳಸುವ ಚಿಕ್ಕ ರಿಲೇಯೊಳಗೆ ತೆರೆದುಕೊಂಡ ಸಂಪರ್ಕಗಳ ನಡುವಿನ ಅಂತರ ಒಂದು ಮಿಲಿಮೀಟರಿಗೂ ಕಡಿಮೆ. ಕೆರೆಯ ತೂಬನ್ನು ಮುಚ್ಚಿದಾಗ ಕಾಲುವೆ ಒಣಗುತ್ತದೆಯೇ ಹೊರತು ತೂಬಿನ ಹಿಂದೆ ನಿಂತ ನೀರು ಎಲ್ಲಿಗೂ ಹೋಗಿರುವುದಿಲ್ಲ. ದೂರನಿಯಂತ್ರಣದ ಪೆಟ್ಟಿಗೆಯಲ್ಲಿಯೂ ಮೇನ್ಸ್ ತಂತಿ ಒಳಬರುವ ಜಾಗ, ಫ್ಯೂಸು, ರಿಲೇಯ ಒಂದು ಕಾಲು, ರಿಲೇಗೆ ಸದಾ ಐದು ವೋಲ್ಟು ಒದಗಿಸುವ ಕಿರು ಪವರ್ ಸಪ್ಲೈ, ಇವೆಲ್ಲ ಹಗಲುರಾತ್ರಿ 230 ವೋಲ್ಟಿನಲ್ಲೇ ಇರುತ್ತವೆ. ಸಾಧಾರಣ ಸ್ವಿಚ್ಚಿದ್ದ ಪೆಟ್ಟಿಗೆಯನ್ನು ಆರಿಸಿದಾಗ ಸ್ವಿಚ್ಚಿನವರೆಗಿನ ತುಂಡು ತಂತಿಯಲ್ಲಿ ಮಾತ್ರ ಕರೆಂಟು ಉಳಿಯುತ್ತಿತ್ತು. ದೂರನಿಯಂತ್ರಣ ಬಂದ ಮೇಲೆ ಅದೇ ಪೆಟ್ಟಿಗೆಯ ಒಂದು ಮೂಲೆ ಎಂದೂ ಆರುವುದೇ ಇಲ್ಲ.

ಆರಿದ ಭಾಗವೂ ತಕ್ಷಣ ನಿರಪಾಯವಾಗುವುದಿಲ್ಲ. ಎಸ್‌ಎಂಪಿಎಸ್ ಎಂದು ಕರೆಯಲಾಗುವ ಇಂದಿನ ಪವರ್ ಸಪ್ಲೈಗಳು ಮೇನ್ಸ್ ವಿದ್ಯುತ್ತನ್ನು ನೇರವಾಗಿ ಏಕಮುಖಗೊಳಿಸಿ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟಿನವರೆಗೆ ತುಂಬಿಟ್ಟುಕೊಳ್ಳುತ್ತವೆ. 470 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಆ ವೋಲ್ಟೇಜಿನಲ್ಲಿ ಹಿಡಿದಿಡುವ ಶಕ್ತಿ ಸುಮಾರು 25 ಜೌಲ್, ಅದನ್ನು ಬರಿದು ಮಾಡಲೆಂದೇ ಜೋಡಿಸುವ ರೆಸಿಸ್ಟರ್ ಇಲ್ಲದಿದ್ದರೆ ಅಥವಾ ಸುಟ್ಟುಹೋಗಿದ್ದರೆ ಆ ಶಕ್ತಿ ಬಹಳ ಹೊತ್ತು ಹಾಗೆಯೇ ಉಳಿಯುತ್ತದೆ. ಮೊಬೈಲಿನ ಪರದೆಯಲ್ಲಿ ಆಫ್ ಎಂದು ಓದಿ ಮುಚ್ಚಳ ಬಿಚ್ಚುವವನಿಗೆ ಇದಾವುದೂ ಕಾಣಿಸದು.

ಇನ್ನು ಮೊದಲ ನಂಬಿಕೆಯ ಅರ್ಧ ಸತ್ಯದ ವಿಷಯ. ಹಿಂದೆ ದೂರದಿಂದ ಉಪಕರಣವನ್ನು ನಡೆಸಬೇಕೆಂದವರು ಫೇಸ್ ತಂತಿಯನ್ನೇ ಗಜಗಟ್ಟಲೆ ಎಳೆದು, ತಂತಿಯ ನಡುವೆ ತೂಗಾಡುವ ಸ್ವಿಚ್ಚೊಂದನ್ನು ಸಿಕ್ಕಿಸುತ್ತಿದ್ದರು. ಅದಕ್ಕೆ ಹೋಲಿಸಿದರೆ ಐದು ವೋಲ್ಟಿನ ತಂತಿಯನ್ನು ಹೊರಗೆಳೆಯುವುದು ನಿಸ್ಸಂಶಯವಾಗಿ ಮೇಲು. ಆದರೆ ಆ ಐದು ವೋಲ್ಟು ಎಂದೆಂದಿಗೂ ಐದು ವೋಲ್ಟಾಗಿಯೇ ಉಳಿಯುತ್ತದೆ ಎಂಬ ಖಾತ್ರಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಪ್ರಚಲಿತ ಅಭಿಪ್ರಾಯ ಕೇಳಿಕೊಳ್ಳುವುದೇ ಇಲ್ಲ. ಖಾತ್ರಿ ಬರುವುದು ರಿಲೇಯ ಸುರುಳಿಗೂ ಅದರ ಸಂಪರ್ಕಗಳಿಗೂ ನಡುವೆ ಇರುವ ನಿರೋಧನದಿಂದ, ಅಂದರೆ ವಿದ್ಯುತ್ತನ್ನು ಹಾಯಗೊಡದ ಪ್ಲಾಸ್ಟಿಕ್ಕು ಮತ್ತು ಗಾಳಿಯ ತಡೆಯಿಂದ. ಮನುಷ್ಯನ ಬೆರಳು ಮುಟ್ಟುವ ಯಾವುದೇ ಭಾಗಕ್ಕೂ ಮೇನ್ಸಿಗೂ ನಡುವೆ ಒಂದು ಪದರ ಸಾಲದು, ಒಂದು ಕೆಟ್ಟರೂ ಕಾಯಬಲ್ಲ ಎರಡನೆಯದು ಇರಬೇಕು, ಅಥವಾ ಎರಡರ ಬಲವಿರುವ ಒಂದೇ ಪದರ ಇರಬೇಕು ಎಂಬುದು ಮಾನಕಗಳ ಮೂಲಸೂತ್ರ. ಎರಡನೆಯ ಬಗೆಯದನ್ನು ಬಲಪಡಿಸಿದ ನಿರೋಧನ ಎನ್ನಬಹುದು. ಲೋಹದ ಪೆಟ್ಟಿಗೆಗೆ ಭೂಸಂಪರ್ಕವೇ ಎರಡನೆಯ ಕಾವಲು, ಆದರೆ ಮೇಜಿನ ಮೇಲಿರುವ ಗುಂಡಿಯ ತಂತಿಗೆ ಅಂತಹ ಕಾವಲು ಇರುವುದಿಲ್ಲ. ಆದ್ದರಿಂದ ಆ ತಂತಿಯನ್ನು ಕಾಯುವ ಪೂರ್ತಿ ಹೊಣೆ ರಿಲೇಯೊಳಗಿನ ಮತ್ತು ರಿಲೇಯ ಕೆಳಗಿನ ಕೆಲವೇ ಮಿಲಿಮೀಟರುಗಳ ಮೇಲೆ ಬೀಳುತ್ತದೆ.

ಆ ಮಿಲಿಮೀಟರುಗಳನ್ನು ಅಳೆದು ನೋಡುವುದು ಈ ವಾದದ ಕೇಂದ್ರ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿಯೂ ಊರೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿಯೂ ಸಿಗುವ ನೀಲಿ ಘನಾಕೃತಿಯ ರಿಲೇಯ ತಳದಲ್ಲಿ ಐದು ಕಾಲುಗಳಿವೆ. ಅವುಗಳಲ್ಲಿ ಮೇನ್ಸ್ ಹೊರುವ ಮಧ್ಯದ ಸಂಪರ್ಕದ ಕಾಲು ಸುರುಳಿಯ ಎರಡು ಕಾಲುಗಳಿರುವ ಬದಿಯಲ್ಲೇ, ಅವೆರಡರ ನಡುವೆಯೇ ಇಳಿಯುತ್ತದೆ. ಕಾಲಿನಿಂದ ಕಾಲಿಗೆ ಸುಮಾರು 6 ಮಿಲಿಮೀಟರ್ ಅಂತರ, ಬೋರ್ಡಿನ ಮೇಲೆ ಆ ಕಾಲುಗಳ ಸುತ್ತ ಬೆಸುಗೆಯ ತಾಮ್ರದ ಬಿಲ್ಲೆಗಳು ಹರಡಿಕೊಂಡ ಮೇಲೆ ಉಳಿಯುವುದು ಅದಕ್ಕಿಂತ ಕಡಿಮೆ. ನಿರೋಧಕ ವಸ್ತುವಿನ ಮೇಲ್ಮೈಗುಂಟ ವಿದ್ಯುತ್ತು ತೆವಳಿಹೋಗಬಹುದಾದ ಹಾದಿಯ ಉದ್ದವು ಮೇನ್ಸಿಗೂ ಬೆರಳಿಗೂ ನಡುವೆ 6ರಿಂದ 8 ಮಿಲಿಮೀಟರ್ ಇರಬೇಕೆಂಬುದು ಎಚ್ಚರವುಳ್ಳ ವಿನ್ಯಾಸಕಾರರ ವಾಡಿಕೆ. ಇಂತಹ ಅಗ್ಗದ ರಿಲೇಗಳ ತಾಂತ್ರಿಕ ವಿವರಪತ್ರಗಳು ಸುರುಳಿ ಮತ್ತು ಸಂಪರ್ಕಗಳ ನಡುವೆ ಒಂದು ನಿಮಿಷ ತಾಳಬಲ್ಲ ವೋಲ್ಟೇಜನ್ನು 1500 ಅಥವಾ 2000 ಎಂದು ತಾವೇ ಹೇಳಿಕೊಳ್ಳುತ್ತವೆ. ಬಲಪಡಿಸಿದ ನಿರೋಧನಕ್ಕೆಂದೇ ತಯಾರಾದ ರಿಲೇಗಳ ವಿವರಪತ್ರದಲ್ಲಿ ಆ ಅಂಕಿ 4000ದಿಂದ 5000. ಎರಡರ ನಡುವಿನ ಬೆಲೆಯ ವ್ಯತ್ಯಾಸ ಒಂದು ಪೆಟ್ಟಿಗೆಯ ಒಟ್ಟು ಖರ್ಚಿನೆದುರು ಗಣನೆಗೆ ಬಾರದಷ್ಟು ಚಿಕ್ಕದು. ಆದರೂ ಹವ್ಯಾಸಿಯು ಟ್ರಾನ್ಸ್‌ಫಾರ್ಮರ್ ಯಾವುದು, ಮುಂಭಾಗದ ಅಲ್ಯೂಮಿನಿಯಂ ಹಲಗೆ ಎಷ್ಟು ದಪ್ಪ ಎಂದು ವಾರಗಟ್ಟಲೆ ಚರ್ಚಿಸಿ, ಜೀವವನ್ನು ಕಾಯುವ ಈ ಭಾಗವನ್ನು ಮಾತ್ರ ಸಿಕ್ಕಿದ್ದನ್ನು ತಂದು ಕೂರಿಸುತ್ತಾನೆ.

ಮಾನಕಗಳು ಹೇಳುವ ಅಂತರಗಳು ಕೂಡ ಪರಿಸರವನ್ನು ಅವಲಂಬಿಸಿವೆ ಎಂಬುದು ಕರ್ನಾಟಕದ ಮಟ್ಟಿಗೆ ಮುಖ್ಯವಾದ ಸಂಗತಿ. ಸಾಮಾನ್ಯ ಲೆಕ್ಕಗಳು ಒಣ ಧೂಳಿರುವ, ಅಪರೂಪಕ್ಕೊಮ್ಮೆ ತೇವ ಕೂರುವ ಕೋಣೆಯನ್ನು ಊಹಿಸಿಕೊಂಡು ಮಾಡಿದವು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಪುಸ್ತಕಗಳೇ ಬೂಷ್ಟು ಹಿಡಿಯುವಾಗ ಗಾಳಿಕಿಂಡಿಗಳುಳ್ಳ ಪೆಟ್ಟಿಗೆಯ ಬೋರ್ಡು ಒಣಗಿರುತ್ತದೆಂದು ನಂಬಲು ಆಧಾರವಿಲ್ಲ. ಬೆಸುಗೆಯಿಂದ ಉಳಿದ ಅಂಟಿನ ಮೇಲೆ ಧೂಳು, ಧೂಳಿನ ಮೇಲೆ ತೇವ ಕೂತಾಗ ಅದೇ ಮೇಲ್ಮೈ ನಿಧಾನವಾಗಿ ವಿದ್ಯುದ್ವಾಹಕವಾಗಿ, ಸಣ್ಣ ಕಿಡಿಗಳು ಪ್ಲಾಸ್ಟಿಕ್ಕನ್ನು ಇದ್ದಿಲಾಗಿಸುತ್ತ ಒಂದು ಖಾಯಂ ಹಾದಿಯನ್ನು ಕೊರೆಯುತ್ತವೆ. ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿ ಬರುವ ಇರುವೆ, ಜಿರಲೆ, ಹಲ್ಲಿಗಳ ಮಾತು ಬೇರೆ. ಸದಾ ಚಾಲೂ ಇರುವ ಕಿರು ಪವರ್ ಸಪ್ಲೈಯ ಬಿಸಿಯೇ ಅವುಗಳನ್ನು ಕರೆಯುತ್ತದೆ.

ನಿರೋಧನದ ಕುರಿತ ಈ ಆಕ್ಷೇಪಕ್ಕೆ ಸಿದ್ಧವಾಗಿ ಸಿಗುವ ಉತ್ತರವೆಂದರೆ ಬೋರ್ಡಿನಲ್ಲಿ ಆಪ್ಟೊಕಪ್ಲರ್ ಇದೆ ಎಂಬುದು. ಬೆಳಕಿನ ಮೂಲಕ ಸಂಕೇತವನ್ನು ದಾಟಿಸಿ, ಎರಡು ಬದಿಗಳ ನಡುವೆ ತಂತಿಯ ಸಂಬಂಧವೇ ಇಲ್ಲದಂತೆ ಮಾಡುವ ಈ ಬಿಡಿಭಾಗ ತನ್ನಷ್ಟಕ್ಕೆ ಒಳ್ಳೆಯದೇ. ಆದರೆ ರಿಲೇ ಬೋರ್ಡುಗಳಲ್ಲಿ ಅದು ಕೂತಿರುವುದು ನಿಯಂತ್ರಕ ಚಿಪ್ಪಿಗೂ ರಿಲೇಯ ಸುರುಳಿಗೂ ನಡುವೆ. ಮೇನ್ಸನ್ನು ತಡೆಯಬೇಕಾದ ಜಾಗವಿರುವುದು ಸುರುಳಿಗೂ ಸಂಪರ್ಕಕ್ಕೂ ನಡುವೆ. ಅಲ್ಲದೆ ಇಂತಹ ಬಹುಪಾಲು ಬೋರ್ಡುಗಳು ಸುರುಳಿಯ ಬದಿಯ ಮತ್ತು ಚಿಪ್ಪಿನ ಬದಿಯ ಐದು ವೋಲ್ಟುಗಳನ್ನು ಒಂದು ಚಿಕ್ಕ ಜಂಪರಿನಿಂದ ಕೂಡಿಸಿಯೇ ಮಾರಾಟಕ್ಕೆ ಬರುತ್ತವೆ, ಕೊಂಡವರು ಅದನ್ನು ಕೀಳದೆ ಒಂದೇ ಪವರ್ ಸಪ್ಲೈಯಿಂದ ಎರಡು ಬದಿಗೂ ವಿದ್ಯುತ್ತು ಕೊಡುತ್ತಾರೆ, ಅಲ್ಲಿಗೆ ಆಪ್ಟೊಕಪ್ಲರಿನ ಬೇರ್ಪಡಿಸುವ ಗುಣವೇ ಇಲ್ಲವಾಗುತ್ತದೆ. ಬೋರ್ಡನ್ನು ಬಿಟ್ಟು, ಬಿಡಿ ರಿಲೇಯನ್ನು ಡಾಟ್ ಬೋರ್ಡಿನ ಮೇಲೆ ಬೆಸೆಯುವವರ ಸ್ಥಿತಿ ಇನ್ನೂ ಕೆಟ್ಟದ್ದು: ಆ ಬೋರ್ಡಿನ ರಂಧ್ರಗಳ ನಡುವೆ 2.54 ಮಿಲಿಮೀಟರ್ ಅಂತರವಿದ್ದರೂ ತಾಮ್ರದ ಬಿಲ್ಲೆಗಳ ನಡುವೆ ಉಳಿಯುವುದು ಒಂದು ಮಿಲಿಮೀಟರಿಗೂ ಕಡಿಮೆ. ಡಾಟ್ ಬೋರ್ಡಿನ ಮೇಲೆ ಮೇನ್ಸನ್ನು ತರಲೇಬಾರದು, ಇದರಲ್ಲಿ ರಿಯಾಯಿತಿಗೆ ಅವಕಾಶವಿಲ್ಲ. ರಿಲೇಗೆ ಐದು ವೋಲ್ಟು ಒದಗಿಸಲು ಟ್ರಾನ್ಸ್‌ಫಾರ್ಮರ್ ಇಲ್ಲದೆ, ಕೆಪಾಸಿಟರೊಂದರಿಂದಲೇ ಮೇನ್ಸನ್ನು ಇಳಿಸಿಕೊಳ್ಳುವ ಅಗ್ಗದ ಮಂಡಲವೂ ಇಲ್ಲಿ ನಿಷಿದ್ಧ. ಅದರ ಐದು ವೋಲ್ಟು ಅಳತೆಗೆ ಐದೇ ಆದರೂ ನೆಲಕ್ಕೆ ಹೋಲಿಸಿದಾಗ ಫೇಸಿನ ಮಟ್ಟದಲ್ಲೇ ಇರಬಹುದು, ಆಗ ದೂರದ ಗುಂಡಿಯನ್ನು ಮುಟ್ಟುವುದೂ ಫೇಸನ್ನು ಮುಟ್ಟುವುದೂ ಒಂದೇ.

ರಿಲೇಯ ಮೈಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಅಚ್ಚಾಗಿರುತ್ತದೆ, ತಮ್ಮ ಉಪಕರಣ ಎಳೆಯುವುದು ಅರ್ಧ ಆಂಪಿಯರ್ ಮಾತ್ರ, ಹಾಗಾಗಿ ಇಪ್ಪತ್ತು ಪಟ್ಟು ಹೆಚ್ಚುವರಿ ಬಲ ಇದ್ದೇ ಇದೆ ಎಂಬ ಲೆಕ್ಕವೂ ಎಲ್ಲೆಡೆ ಕೇಳಿಬರುತ್ತದೆ. ಆ 10 ಆಂಪಿಯರ್ ಹೀಟರಿನಂತಹ ಸರಳ ಹೊರೆಗೆ ಅನ್ವಯಿಸುವ ಅಂಕಿ. ಪವರ್ ಸಪ್ಲೈಯ ಖಾಲಿ ಕೆಪಾಸಿಟರು ಮೊದಲ ಕ್ಷಣದಲ್ಲಿ ಬಹುತೇಕ ಶಾರ್ಟಿನಂತೆ ವರ್ತಿಸುತ್ತದೆ; ಅದರ ಮುಂದೆ ಆರಂಭದ ಪ್ರವಾಹವನ್ನು ತಗ್ಗಿಸುವ 10 ಓಮಿನ ಥರ್ಮಿಸ್ಟರ್ ಇದ್ದರೂ, 325 ವೋಲ್ಟಿನ ಶಿಖರದಲ್ಲಿ ಸಂಪರ್ಕ ಕೂಡಿದರೆ 30 ಆಂಪಿಯರ್ ದಾಟಿದ ಪ್ರವಾಹ ನುಗ್ಗುತ್ತದೆ. ಉಂಗುರಾಕಾರದ ಟೊರಾಯ್ಡ್ ಟ್ರಾನ್ಸ್‌ಫಾರ್ಮರುಗಳು ಆರಂಭದಲ್ಲಿ ತಮ್ಮ ಸಹಜ ಪ್ರವಾಹದ ಹತ್ತಾರು ಪಟ್ಟು ಎಳೆಯಬಲ್ಲವು. ಮುಚ್ಚಿಕೊಳ್ಳುವಾಗ ಒಂದೆರಡು ಬಾರಿ ಪುಟಿಯುವ ಸಂಪರ್ಕಗಳ ನಡುವೆ ಆ ಪ್ರವಾಹ ಹರಿದಾಗ ಲೋಹ ಕರಗಿ, ಎರಡೂ ಒಂದಕ್ಕೊಂದು ಬೆಸೆದುಕೊಳ್ಳುವುದುಂಟು. ಹಾಗಾದ ಮೇಲೆ ಸುರುಳಿಯ ವಿದ್ಯುತ್ತನ್ನು ತೆಗೆದರೂ ಸಂಪರ್ಕ ಬಿಡದು. ದೂರದ ಗುಂಡಿ ಆರಿದೆ ಎನ್ನುತ್ತದೆ, ಪೆಟ್ಟಿಗೆ ಉರಿಯುತ್ತಲೇ ಇರುತ್ತದೆ.

ಸಂಪರ್ಕಗಳೇ ಇಲ್ಲದ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಟ್ರಯಾಕ್ ಎಂಬ ಅರೆವಾಹಕದಿಂದ ಕೆಲಸ ಮಾಡುವ ರಿಲೇ, ಈ ರೋಗಕ್ಕೆ ಮದ್ದೆಂದು ಹೇಳುವವರಿದ್ದಾರೆ. ಅದು ಬೆಸೆದುಕೊಳ್ಳುವುದಿಲ್ಲ ನಿಜ, ಆದರೆ ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ. ಕೆಡದಿದ್ದಾಗಲೂ ಅದು ಪೂರ್ತಿ ಆರುವುದಿಲ್ಲ: ಟ್ರಯಾಕ್‌ಗೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದ್ದರೆ ಅದರ ಮೂಲಕ 230 ವೋಲ್ಟ್, 50 ಹರ್ಟ್ಸ್‌ನಲ್ಲಿ 7 ಮಿಲಿಆಂಪಿಯರ್ ಸೋರುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯುಗಳು ಸೆಟೆದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆಂದು ಬಲ್ಲವರಿಗೆ ಆರಿಸಿದ ಉಪಕರಣದಲ್ಲಿ 7 ಎಂಬ ಅಂಕಿ ಸಮಾಧಾನ ತರಲಾರದು. ಇನ್ನು ವೋಲ್ಟೇಜು ಸೊನ್ನೆಯನ್ನು ದಾಟುವ ಕ್ಷಣದಲ್ಲಿ ಹೊತ್ತಿಕೊಳ್ಳುವ ಬಗೆಯ ಸಾಲಿಡ್ ಸ್ಟೇಟ್ ರಿಲೇ ಎಲ್ಲಕ್ಕೂ ಉತ್ತಮ ಎಂಬ ಮಾತು. ಕೆಪಾಸಿಟರ್ ಇರುವ ಹೊರೆಗೆ ಅದು ಸರಿ, ಟ್ರಾನ್ಸ್‌ಫಾರ್ಮರಿಗೆ ಅದೇ ಅತ್ಯಂತ ಕೆಟ್ಟ ಕ್ಷಣ, ಏಕೆಂದರೆ ಸೊನ್ನೆಯಿಂದ ಆರಂಭವಾದ ಪೂರ್ತಿ ಅರ್ಧ ಆವರ್ತ ಅದರ ಕಬ್ಬಿಣದ ತಿರುಳನ್ನು ಕಾಂತೀಯವಾಗಿ ತುಂಬಿ ತುಳುಕಿಸುತ್ತದೆ.

ರಿಲೇ ಕೂಡಿಕೊಂಡೇ ಕೆಡಬಹುದು ಎಂದು ಒಪ್ಪಿದ ಮೇಲೆ, ಅದಕ್ಕಿಂತ ಮುಂಚೆ ಏನಿದೆ ಎಂಬುದೇ ನಿರ್ಣಾಯಕ. ಭಾರತದ ಮೂರು ಕಾಲಿನ ಪ್ಲಗ್ಗುಗಳು ಐಎಸ್ 1293 ಎಂಬ ಮಾನಕವನ್ನು ಅನುಸರಿಸುತ್ತವೆ, ಅವುಗಳೊಳಗೆ ಬ್ರಿಟನ್ನಿನ ಪ್ಲಗ್ಗುಗಳಲ್ಲಿರುವಂತೆ ಫ್ಯೂಸ್ ಇಲ್ಲ. ಬ್ರಿಟನ್ನಿನ ಹವ್ಯಾಸಿಗಳಿಗಾಗಿ ಬರೆದ ಮಂಡಲಗಳನ್ನು ನಕಲು ಮಾಡುವವರು ಈ ಒಂದು ಕಾವಲನ್ನು ತಮಗರಿವಿಲ್ಲದೆ ಕೈಬಿಟ್ಟಿರುತ್ತಾರೆ. ಮನೆಯಲ್ಲಿ ಎಂಸಿಬಿ, ಅಂದರೆ ಪ್ರವಾಹ ಮಿತಿಮೀರಿದಾಗ ತಾನೇ ಬೀಳುವ ಸ್ವಿಚ್ಚು, ಇದೆಯಲ್ಲ ಎನ್ನುವವರು ಅದು ಗೋಡೆಯೊಳಗಿನ ತಂತಿಯನ್ನು ಕಾಯಲು ಇರುವುದೆಂಬುದನ್ನು ಮರೆಯುತ್ತಾರೆ: ಸಿ ವರ್ಗದ 16 ಆಂಪಿಯರ್ ಎಂಸಿಬಿ ಕ್ಷಣಾರ್ಧದಲ್ಲಿ ಬೀಳಬೇಕಾದರೆ ಅದರ ಮೂಲಕ 80ರಿಂದ 160 ಆಂಪಿಯರ್ ಹರಿಯಬೇಕು, ಅದಕ್ಕಿಂತ ಕಡಿಮೆ ಹರಿದರೆ ನಿಧಾನವಾಗಿ ಬಿಸಿಯಾಗಿ ಬೀಳುವವರೆಗೆ ಪೆಟ್ಟಿಗೆಯೊಳಗಿನ ಸಪೂರ ತಂತಿಯೇ ಸುಡುತ್ತಿರುತ್ತದೆ. ಹೀಗಾಗಿ ಪೆಟ್ಟಿಗೆಯೊಳಕ್ಕೆ ಫೇಸ್ ಬಂದ ಕೂಡಲೇ, ಕಿರು ಪವರ್ ಸಪ್ಲೈಗೂ ರಿಲೇಗೂ ಮೊದಲೇ, ಉಪಕರಣದ ಅಳತೆಗೆ ತಕ್ಕ ಫ್ಯೂಸ್ ಇರಬೇಕು, ಅದೂ ಒಳಗೆ ಮರಳು ತುಂಬಿದ ಪಿಂಗಾಣಿ ಫ್ಯೂಸ್ ಆಗಿರಬೇಕು. ಪಾರದರ್ಶಕ ಗಾಜಿನ ಚಿಕ್ಕ ಫ್ಯೂಸುಗಳಲ್ಲಿ ಬಹುಪಾಲು ಸುಮಾರು 35 ಆಂಪಿಯರ್ ಪ್ರವಾಹವನ್ನಷ್ಟೇ ನಂಬಿಕೆಯಿಂದ ಕಡಿಯಬಲ್ಲವು, ಪಿಂಗಾಣಿಯವು 1500 ಆಂಪಿಯರ್‌ವರೆಗೆ. ಮನೆಯ ಸಾಕೆಟ್ಟಿನಲ್ಲಿ ನೇರ ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಯುವುದು ಸಾಮಾನ್ಯ.

ರಿಲೇಯಿಂದ ಫೇಸ್ ಒಂದನ್ನೇ ಕಡಿಯುವುದು ಸಾಕೆಂಬ ವಾದವು ಫೇಸ್ ಯಾವಾಗಲೂ ತನ್ನ ಜಾಗದಲ್ಲಿಯೇ ಇರುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ಅರ್ಥ್ ರಂಧ್ರ ಮೇಲಿರುವಂತೆ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಬಲಕ್ಕೆ ಫೇಸ್ ಇರಬೇಕೆಂಬುದು ನಿಯಮ. ಹಳೆಯ ವೈರಿಂಗು, ಅವಸರದ ರಿಪೇರಿ, ಎಕ್ಸ್‌ಟೆನ್ಷನ್ ಬೋರ್ಡುಗಳ ಜಾಲದಲ್ಲಿ ಅದು ಅದಲುಬದಲಾಗಿರುವ ಮನೆಗಳಿಗೆ ಲೆಕ್ಕವಿಲ್ಲ. ಎರಡು ಕಾಲಿನ ಪ್ಲಗ್ಗಾದರೆ ಹೇಗೆ ಬೇಕಾದರೂ ಕೂರುತ್ತದೆ. ಅದಲುಬದಲಾದಾಗ ರಿಲೇ ಕಡಿಯುವುದು ನ್ಯೂಟ್ರಲನ್ನು, ಉಪಕರಣದ ಒಳಭಾಗವೆಲ್ಲ ಆರಿದಂತೆ ಕಾಣುತ್ತಲೇ ಫೇಸಿಗೆ ಜೋಡಿಕೊಂಡಿರುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ಚೊಂದು ಪೆಟ್ಟಿಗೆಯ ಮೇಲೆ, ಕೈಗೆ ಸಿಗುವಂತೆ, ರಿಲೇಗಿಂತ ಮೊದಲು ಇರಲೇಬೇಕೆಂದು ಒತ್ತಾಯಿಸುವುದು ಇದೇ ಕಾರಣಕ್ಕೆ. ಭೂಸಂಪರ್ಕದ ವಿಷಯದಲ್ಲಿ ಹೇಳಬೇಕಾದದ್ದು ಹಳೆಯದೇ, ಆದರೆ ಪಾಲನೆಯಾಗದ್ದು: ಹಸಿರು ತಂತಿಗೆ ಅದರದೇ ಬೋಲ್ಟು, ಬಣ್ಣ ಕೆರೆದ ಬರಿಲೋಹದ ಮೇಲೆ ಹಲ್ಲಿನ ವಾಷರ್, ಕ್ರಿಂಪ್ ಮಾಡಿದ ಉಂಗುರದ ಲಗ್, ಟ್ರಾನ್ಸ್‌ಫಾರ್ಮರನ್ನೋ ಹೀಟ್‌ಸಿಂಕನ್ನೋ ಹಿಡಿದ ಸ್ಕ್ರೂಗೆ ಅದನ್ನು ಸಿಕ್ಕಿಸಬಾರದು, ಏಕೆಂದರೆ ಮುಂದೊಂದು ದಿನ ಆ ಭಾಗವನ್ನು ಬಿಚ್ಚಿದವನು ಭೂಸಂಪರ್ಕವನ್ನೂ ಬಿಚ್ಚಿರುತ್ತಾನೆ.

ದೂರನಿಯಂತ್ರಣವು ತರುವ ಅಪಾಯಗಳಲ್ಲಿ ಅತ್ಯಂತ ಕಡಿಮೆ ಚರ್ಚೆಗೆ ಬಂದಿರುವುದು ಆರಿಸುವುದಕ್ಕೆ ಸೇರಿದ್ದಲ್ಲ, ಹೊತ್ತಿಸುವುದಕ್ಕೆ ಸೇರಿದ್ದು. ಪೆಟ್ಟಿಗೆಯ ಮುಂದೆ ನಿಂತು ಸ್ವಿಚ್ಚು ಒತ್ತುವವನಿಗೆ ಮುಚ್ಚಳ ತೆರೆದಿದೆಯೇ, ಮೇಲೆ ಬಟ್ಟೆ ಬಿದ್ದಿದೆಯೇ, ಮಗು ಹತ್ತಿರವಿದೆಯೇ ಎಂಬುದು ಕಾಣುತ್ತದೆ. ಬೇರೆ ಕೋಣೆಯಲ್ಲೋ ಬೇರೆ ಊರಿನಲ್ಲೋ ಇರುವವನಿಗೆ ಕಾಣುವುದಿಲ್ಲ. ಯಾರೂ ಒತ್ತದೆಯೂ ಪೆಟ್ಟಿಗೆ ಹೊತ್ತಿಕೊಳ್ಳಬಹುದು: ಇಎಸ್‌ಪಿ 8266ರಂತಹ ವೈಫೈ ಚಿಪ್ಪುಗಳ ಕೆಲವು ಕಾಲುಗಳು ಎಚ್ಚರಗೊಳ್ಳುವ ಮೊದಲ ಕ್ಷಣಗಳಲ್ಲಿ ಪ್ರೋಗ್ರಾಮಿನ ಹಿಡಿತಕ್ಕೆ ಬರುವ ಮುನ್ನವೇ ಮೇಲಿನ ಮಟ್ಟಕ್ಕೆ ಹೋಗುತ್ತವೆ, ಅಂತಹ ಕಾಲಿಗೆ ಜೋಡಿಸಿದ ರಿಲೇ ಕರೆಂಟು ಹೋಗಿ ಬಂದಾಗಲೆಲ್ಲ ತನಗೆ ತಾನೇ ಕೂಡಿಕೊಳ್ಳಬಹುದು. ವಿದ್ಯುತ್ತು ಹೊತ್ತುಗೊತ್ತಿಲ್ಲದೆ ಹೋಗಿಬರುವ ಊರುಗಳಲ್ಲಿ ಇದು ದಿನಕ್ಕೆ ಹಲವು ಬಾರಿ ಆಗಬಹುದಾದ ಘಟನೆ. ಇದಕ್ಕೆ ಪರಿಹಾರ ಕರ್ನಾಟಕದ ರೈತರ ಪಂಪ್‌ಸೆಟ್ ಮನೆಗಳಲ್ಲಿ ತಲೆಮಾರುಗಳಿಂದ ಇದೆ: ಹಸಿರು ಮತ್ತು ಕೆಂಪು ಗುಂಡಿಗಳ ಸ್ಟಾರ್ಟರಿನೊಳಗಿನ ಸುರುಳಿ ತನ್ನ ಸಂಪರ್ಕದ ಮೂಲಕವೇ ತನ್ನನ್ನು ಹಿಡಿದಿಟ್ಟುಕೊಂಡಿರುತ್ತದೆ, ಕರೆಂಟು ಹೋದಾಗ ಬಿಟ್ಟುಕೊಡುತ್ತದೆ, ಮರಳಿ ಬಂದಾಗ ಹಸಿರು ಗುಂಡಿಯನ್ನು ಮತ್ತೊಮ್ಮೆ ಒತ್ತದ ಹೊರತು ಮೋಟರು ತಿರುಗುವುದಿಲ್ಲ. ರಾತ್ರಿಪಾಳಿಯ ವಿದ್ಯುತ್ತಿಗೆ ಹೊಂದಿಕೊಳ್ಳಲು ಆಟೊ ಸ್ಟಾರ್ಟರು ಹಾಕಿಸಿಕೊಂಡ ರೈತನಿಗೆ ಆ ಕಾವಲನ್ನು ತೆಗೆಯುವ ಅನಿವಾರ್ಯತೆಯಾದರೂ ಇತ್ತು, ಹವ್ಯಾಸದ ಆಂಪ್ಲಿಫೈಯರಿಗೆ ಅಂತಹ ಅನಿವಾರ್ಯತೆ ಯಾವುದೂ ಇಲ್ಲ.

ಏನಾದರೂ ಕೆಟ್ಟರೆ ದೂರದಿಂದಲೇ ಆರಿಸಬಹುದೆಂಬ ಮಾತು ತ್ರೀಡಿ ಪ್ರಿಂಟರುಗಳ ವಿಷಯದಲ್ಲಿ ವಿಶೇಷವಾಗಿ ಕೇಳಿಬರುತ್ತದೆ, ಏಕೆಂದರೆ ಅವು ಗಂಟೆಗಟ್ಟಲೆ, ಅನೇಕ ಬಾರಿ ರಾತ್ರಿಯಿಡೀ, ಬಿಸಿ ತಟ್ಟೆಯೊಂದಿಗೆ ಓಡುತ್ತವೆ. ಆ ಮಾತು ನಿಜವಾಗಬೇಕಾದರೆ ಯಾರೋ ನೋಡುತ್ತಿರಬೇಕು, ಕ್ಯಾಮೆರಾ, ವೈಫೈ, ಇಂಟರ್ನೆಟ್, ಚಿಪ್ಪು, ರಿಲೇ ಇಷ್ಟೂ ಆ ಗಳಿಗೆಯಲ್ಲಿ ಸರಿಯಾಗಿರಬೇಕು, ಬೆಂಕಿ ಅವುಗಳಲ್ಲಿ ಒಂದನ್ನೂ ಮುಟ್ಟಿರಬಾರದು. ತಟ್ಟೆಗೆ ಅಂಟಿಸಿದ ಥರ್ಮಲ್ ಫ್ಯೂಸಿಗೆ, ಅಂದರೆ ನಿಗದಿತ ಉಷ್ಣತೆ ದಾಟಿದೊಡನೆ ಕರಗಿ ಮಂಡಲವನ್ನು ಶಾಶ್ವತವಾಗಿ ಕಡಿಯುವ ಚಿಕ್ಕ ಬಿಡಿಭಾಗಕ್ಕೆ, ಇವು ಯಾವುವೂ ಬೇಡ. ದೂರದ ಸ್ವಿಚ್ಚಿನ ಭರವಸೆಯಿಂದ ಆ ಬಿಡಿಭಾಗವನ್ನು ಕೈಬಿಟ್ಟವರು, ಹಾಗೂ ಅದೇ ಭರವಸೆಯಿಂದ ಪ್ರಿಂಟರನ್ನು ಓಡಲು ಬಿಟ್ಟು ಮನೆಯಿಂದ ಹೊರಹೋಗುವವರು, ಸ್ವಿಚ್ಚಿನಿಂದ ಪಡೆದಿರುವುದು ರಕ್ಷಣೆಯನ್ನಲ್ಲ, ಮೊದಲು ಅಳುಕುತ್ತಿದ್ದ ಸಾಹಸಕ್ಕೆ ಒಂದು ಪರವಾನಗಿಯನ್ನು.

ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆ, ಅದು ನೆಲಕ್ಕೆ ಸೋರುವ ಪ್ರವಾಹವನ್ನು ಗುರುತಿಸಿ ಕಡಿಯುತ್ತದೆ ಎಂಬ ಕೊನೆಯ ಸಮರ್ಥನೆ ಉಳಿದವುಗಳಿಗಿಂತ ಗೌರವಾರ್ಹವಾದದ್ದು, ಏಕೆಂದರೆ ಆರ್‌ಸಿಸಿಬಿ ನಿಜವಾಗಿಯೂ ಜೀವಗಳನ್ನು ಉಳಿಸುವ ಸಾಧನ. ಆದರೆ ಒಂದು ಕೈ ಫೇಸಿನಲ್ಲಿ, ಇನ್ನೊಂದು ಕೈ ನ್ಯೂಟ್ರಲಿನಲ್ಲಿದ್ದವನನ್ನು ಅದು ಉಪಕರಣವೆಂದೇ ಭಾವಿಸುತ್ತದೆ. ಪರೀಕ್ಷಾ ಗುಂಡಿಯನ್ನು ವರ್ಷಗಟ್ಟಲೆ ಒತ್ತದೆ ಬಿಟ್ಟಲ್ಲಿ ಅದು ಕೆಲಸ ಮಾಡುತ್ತದೆಂಬ ಖಾತ್ರಿಯಿಲ್ಲ. ಎಷ್ಟೋ ಹಳೆಯ ಮನೆಗಳಲ್ಲಿ ಅದು ಇಲ್ಲವೇ ಇಲ್ಲ, ಮತ್ತು ಹವ್ಯಾಸದ ಪೆಟ್ಟಿಗೆ ಕಟ್ಟಿದವನ ಮನೆಯಲ್ಲಿಯೇ ಉಳಿಯುವುದೂ ಇಲ್ಲ. ಅದು ಸ್ನೇಹಿತನಿಗೆ ಹೋಗುತ್ತದೆ, ಹಳೆಯ ಸಾಮಾನಿನ ಅಂಗಡಿಗೆ ಹೋಗುತ್ತದೆ, ಕಟ್ಟಿದವನ ಕಾಲಾನಂತರ ಏನೂ ಅರಿಯದ ಮನೆಯವರ ಕೈಗೆ ಬರುತ್ತದೆ. ತಾನು ಎಚ್ಚರದಿಂದ ಬಳಸುತ್ತೇನೆ, ಇಷ್ಟು ವರ್ಷ ಏನೂ ಆಗಿಲ್ಲ ಎಂಬ ಹವ್ಯಾಸಿಯ ಮಾತು ಅವರನ್ನು ಕಾಯಲಾರದು, ಅವರನ್ನು ಕಾಯಬೇಕಾದದ್ದು ಪೆಟ್ಟಿಗೆಯೊಳಗಿನ ಅಂತರಗಳೇ.

ಹಾಗೆಂದು ದೂರನಿಯಂತ್ರಣವೇ ಬೇಡವೆಂದು ವಾದಿಸಬೇಕಾಗಿಲ್ಲ. ಮೊದಲ ಆಯ್ಕೆಯಾಗಿ ಪೆಟ್ಟಿಗೆಯನ್ನು ಮುಟ್ಟದೆಯೇ ಬಿಡುವುದು ಉತ್ತಮ: ಪ್ರಮಾಣಿತವಾದ, ಹೊರೆಗೆ ತಕ್ಕ ಸಾಮರ್ಥ್ಯದ ಸಿದ್ಧ ಸ್ಮಾರ್ಟ್ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೂ ಪೆಟ್ಟಿಗೆಗೂ ನಡುವೆ ಇಟ್ಟರೆ ಕೆಲಸ ಮುಗಿಯಿತು, ಬಿಚ್ಚಬೇಕಾದಾಗ ಪ್ಲಗ್ ಕೀಳುವ ಅಭ್ಯಾಸವೂ ಉಳಿಯಿತು. ಒಳಗೇ ಕೂರಿಸಬೇಕೆಂದರೆ ಮೇನ್ಸಿನ ಭಾಗವನ್ನೆಲ್ಲ ಪೆಟ್ಟಿಗೆಯ ಒಂದು ಮೂಲೆಗೆ ಸೇರಿಸಿ, ಸ್ಕ್ರೂ ಬಿಚ್ಚದೆ ತೆರೆಯಲಾಗದ ಒಳಮುಚ್ಚಳದಡಿ ಇಡಬೇಕು, ಅಲ್ಲಿ ತಂತಿ ಒಳಬರುವ ಜಾಗದಲ್ಲಿ ಜಗ್ಗಿದರೂ ಕಳಚದ ಹಿಡಿಕೆ, ಅದರ ನಂತರ ಫ್ಯೂಸ್, ಡಬಲ್ ಪೋಲ್ ಸ್ವಿಚ್ಚು, ಆಮೇಲೆ ಬಲಪಡಿಸಿದ ನಿರೋಧನವುಳ್ಳ ರಿಲೇ ಅಥವಾ ಎರಡೂ ತಂತಿಗಳನ್ನು ಕಡಿಯುವ ಸಣ್ಣ ಕಾಂಟ್ಯಾಕ್ಟರ್ ಎಂಬ ಕ್ರಮ ಪಾಲನೆಯಾಗಬೇಕು. ಸುರುಳಿಗೆ ಹೋಗುವ ತಂತಿಗಳು ಮೇನ್ಸ್ ತಂತಿಗಳೊಡನೆ ಒಂದೇ ಕಟ್ಟಿನಲ್ಲಿ ಓಡಬಾರದು. ಯಾವ ಟರ್ಮಿನಲ್ಲಿನಿಂದ ತಂತಿ ಕಳಚಿದರೂ ಅದು ಇನ್ನೊಂದು ಬದಿಯನ್ನು ತಲುಪದಂತೆ ಜೋಡಿ ಜೋಡಿಯಾಗಿ ಬಿಗಿದಿರಬೇಕು.

ಕಟ್ಟಿ ಮುಗಿದ ಮೇಲೆ, ಪ್ಲಗ್ ಗೋಡೆಯಿಂದ ದೂರವಿದ್ದಾಗ, ಪೆಟ್ಟಿಗೆಯ ಸ್ವಿಚ್ಚನ್ನು ಆನ್ ಸ್ಥಾನದಲ್ಲಿಟ್ಟು, 500 ವೋಲ್ಟಿನ ಮೆಗ್ಗರಿನಿಂದ, ಅಂದರೆ ನಿರೋಧನವನ್ನು ಅಳೆಯುವ ಉಪಕರಣದಿಂದ, ಎರಡು ಅಳತೆಗಳನ್ನು ತೆಗೆಯಬೇಕು: ಒಟ್ಟಿಗೆ ಕೂಡಿಸಿದ ಫೇಸ್ ಮತ್ತು ನ್ಯೂಟ್ರಲ್ ಕಾಲುಗಳಿಗೂ ಭೂಸಂಪರ್ಕಕ್ಕೂ ನಡುವೆ ಒಂದು, ಅವೇ ಕಾಲುಗಳಿಗೂ ಹೊರಬರುವ ನಿಯಂತ್ರಣದ ತಂತಿಗಳಿಗೂ ನಡುವೆ ಇನ್ನೊಂದು. ಕೆಲವೇ ಮೆಗಾಓಮ್ ತೋರಿದರೂ ಒಳಗೆ ತೇವವೋ ಕೊಳೆಯೋ ಇದೆ ಎಂದೇ ತಿಳಿಯಬೇಕು. ಆನಂತರ ರಿಲೇಯ ಸಂಪರ್ಕಗಳನ್ನು ಬೇಕೆಂದೇ ಒಂದು ತಂತಿಯಿಂದ ಕೂಡಿಸಿ, ಅದು ಬೆಸೆದುಕೊಂಡ ದಿನ ಹೇಗಿರುತ್ತದೋ ಆ ಸ್ಥಿತಿಯನ್ನು ನಿರ್ಮಿಸಿ, ಮುಚ್ಚಳ ಹಾಕಿ, ಪ್ಲಗ್ ಚುಚ್ಚಿ, ದೂರದ ಗುಂಡಿಯನ್ನು ಆರಿಸಿದಾಗ ಪೆಟ್ಟಿಗೆಯ ಮೇಲಿನ ದೀಪ ಅದು ಚಾಲೂ ಇದೆ ಎಂಬ ನಿಜವನ್ನೇ ಹೇಳುತ್ತದೆಯೇ, ಮತ್ತು ಡಬಲ್ ಪೋಲ್ ಸ್ವಿಚ್ಚು ಒಂದೇ ಬಾರಿಗೆ ಅದನ್ನು ಆರಿಸುತ್ತದೆಯೇ ಎಂದು ನೋಡಬೇಕು. ಎರಡಕ್ಕೂ ಹೌದೆಂಬ ಉತ್ತರ ಬಂದ ಮೇಲೆಯೇ ಪ್ಲಗ್ ಕಿತ್ತು ಆ ತಂತಿಯನ್ನು ತೆಗೆದು ಪೆಟ್ಟಿಗೆಯನ್ನು ಬಳಕೆಗೆ ಕೊಡಬೇಕು.